ಈರುಳ್ಳಿ, ಬೂದಿ, ಬ್ಲೇಡು: ಜ್ಯಾಕ್ ವಿಟ್ಟನ್ ಅವರ ಕ್ಯಾನ್ವಾಸು

ಮ್ಯೂಸಿಯಂಗಳಲ್ಲಿ ಚಿತ್ರದ ಪಕ್ಕ ಒಂದು ಪುಟ್ಟ ಚೀಟಿ ಅಂಟಿಸಿರುತ್ತಾರಲ್ಲ, ಅದರಲ್ಲಿ ಹೆಚ್ಚಿನವರು ಓದದೇ ಬಿಡುವ ಒಂದು ಸಾಲು ಇರುತ್ತದೆ. ಚಿತ್ರವನ್ನು ಯಾವುದರಿಂದ ಮಾಡಿದ್ದು ಅನ್ನುವ ಸಾಲು. 'ಕ್ಯಾನ್ವಾಸ್ ಮೇಲೆ ತೈಲವರ್ಣ' ಅಂತಲೋ 'ಅಕ್ರಿಲಿಕ್' ಅಂತಲೋ ಬರೆದಿರುತ್ತದೆ, ನಾವು ಮುಂದೆ ಹೋಗುತ್ತೇವೆ. ಅಮೆರಿಕದ ಕಪ್ಪು ಚಿತ್ರಕಾರ ಜ್ಯಾಕ್ ವಿಟ್ಟನ್ ಅವರ 1994ರ ಒಂದು ಚಿತ್ರಕ್ಕೆ ಆ ಸಾಲು ಹೀಗಿದೆ: ಅಕ್ರಿಲಿಕ್, ಕಾಕಂಬಿ, ತಾಮ್ರ, ಉಪ್ಪು, ಕಲ್ಲಿದ್ದಲು, ಬೂದಿ, ಚಾಕೊಲೇಟು, ಈರುಳ್ಳಿ, ಸೊಪ್ಪು, ತುಕ್ಕು, ಮೊಟ್ಟೆಯ ಚಿಪ್ಪು, ಬ್ಲೇಡು.

ಅರ್ಧ ಅಡುಗೆಮನೆಯದು, ಅರ್ಧ ಗುಜರಿಯದು. ಇಷ್ಟೆಲ್ಲ ಹಾಕಿ ಮಾಡಿದ್ದು ಏನು ಅಂತ ತಲೆ ಎತ್ತಿ ನೋಡಿದರೆ, ಸುಮಾರು 5 ಅಡಿ ಎತ್ತರದ ಒಂದು ಕ್ಯಾನ್ವಾಸು. ಅದರ ತುಂಬ ಸಣ್ಣ ಸಣ್ಣ ಚೌಕದ ಚೂರುಗಳು. ನಡುವೆ ಕಪ್ಪು ಚೂರುಗಳೆಲ್ಲ ಸೇರಿ ಒಂದು ಆಕಾರ. ತಲೆ ಮತ್ತು ಭುಜ ಅಂತ ಹೇಳಬಹುದು. ಮುಖ ಇಲ್ಲ. ಕಣ್ಣು, ಮೂಗು ಏನೂ ಇಲ್ಲ. ಹೆಸರು 'ಬ್ಲ್ಯಾಕ್ ಮೊನೊಲಿತ್ 2', ಅಂದರೆ ಕಪ್ಪು ಒಂಟಿಗಲ್ಲು. ರಾಲ್ಫ್ ಎಲಿಸನ್ ಅನ್ನುವ ಕಾದಂಬರಿಕಾರರಿಗೆ ಗೌರವ ಸಲ್ಲಿಸಿ ಮಾಡಿದ್ದು. ಎಲಿಸನ್ 1952ರಲ್ಲಿ ಪ್ರಕಟಿಸಿದ ಕಾದಂಬರಿಯ ನಾಯಕ ಒಬ್ಬ ಕಪ್ಪು ಯುವಕ. ಅವನಿಗೆ ಹೆಸರೇ ಇಲ್ಲ. ಕಣ್ಣೆದುರು ನಿಂತರೂ ಜನ ಅವನನ್ನು ಕಾಣುವುದಿಲ್ಲ. ಈಗ ಆ ಚೀಟಿಯ ಸಾಲನ್ನು ಮತ್ತೆ ಓದಿದರೆ ಬೇರೆ ಥರ ಕೇಳಿಸುತ್ತದೆ. ಕಾಕಂಬಿ ಅಂದರೆ ಕಬ್ಬು, ಕಬ್ಬು ಅಂದರೆ ಗುಲಾಮರ ತೋಟ. ಕಲ್ಲಿದ್ದಲು ಅಂದರೆ ವಿಟ್ಟನ್ ಅವರ ಅಪ್ಪ ದುಡಿದ ಗಣಿ. ಇನ್ನು ಬ್ಲೇಡಿಗೆ ನಾನು ಅರ್ಥ ಹೇಳಬೇಕಾಗಿಲ್ಲ.

ನಾನು ವಿಟ್ಟನ್ ಅವರ ಚಿತ್ರಗಳನ್ನು ಒಟ್ಟಿಗೆ ನೋಡಿದ್ದು 2025ರಲ್ಲಿ, ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ. ಮಾರ್ಚಿಯಿಂದ ಆಗಸ್ಟಿನ ಮೊದಲ ವಾರದವರೆಗೆ ಅಲ್ಲಿ ಅವರ ಇಡೀ ಜೀವನದ ಕೆಲಸದ ದೊಡ್ಡ ಪ್ರದರ್ಶನ ಇತ್ತು. 175ಕ್ಕೂ ಜಾಸ್ತಿ ಕೃತಿಗಳು. ಆಗ ಅಪ್ಪ ನ್ಯೂಜೆರ್ಸಿಗೆ, ನಮ್ಮ ಮನೆಗೆ ಬಂದಿದ್ದರು. ಅಪ್ಪ ಪಿಡಬ್ಲ್ಯುಡಿಯಲ್ಲಿ ಎಂಜಿನಿಯರ್ ಆಗಿದ್ದು ರಿಟೈರ್ ಆದವರು. ಕಲೆ ಗಿಲೆ ಅಂದರೆ ಅವರಿಗೆ ಅಷ್ಟಕ್ಕಷ್ಟೆ. ಮನೇಲಿ ಒಬ್ಬರೇ ಕೂತು ಬೇಜಾರಾಗುತ್ತೆ ಅಂತ ಸುಮ್ನೆ ಜೊತೆಗೆ ಬಂದರು. ಬಂದವರು ನನಗಿಂತ ನಿಧಾನವಾಗಿ ನೋಡಿದರು. ಚಿತ್ರದ ಎದುರು ನಿಲ್ಲುತ್ತಿರಲಿಲ್ಲ, ಪಕ್ಕಕ್ಕೆ ಹೋಗಿ ಗೋಡೆಗೆ ಕೆನ್ನೆ ತಾಗುವಷ್ಟು ಹತ್ತಿರ ಬಗ್ಗಿ ಓರೆಯಾಗಿ ನೋಡುತ್ತಿದ್ದರು. ಪ್ಲಾಸ್ಟರಿಂಗ್ ಸಮ ಇದೆಯಾ ಅಂತ ನೋಡುವ ಕ್ರಮ ಅದು. "ಇದರ ತೂಕ ಎಷ್ಟಿರಬಹುದೇ?" ಅಂತ ಮೊದಲ ಪ್ರಶ್ನೆ. "ಗಮ್ ಯಾವುದು ಹಾಕಿದಾರೆ?" ಅಂತ ಎರಡನೆಯದು. ಮ್ಯೂಸಿಯಂ ಕಾವಲಿನವರು ಬಂದು, ಸ್ವಲ್ಪ ಹಿಂದೆ ನಿಲ್ಲಿ ಸರ್ ಅಂದರು. ವಿಟ್ಟನ್ ಅವರ ಚಿತ್ರಗಳನ್ನು ನೋಡುವುದಕ್ಕೆ ಅಪ್ಪನ ಕ್ರಮವೇ ಸರಿ ಅಂತ ಆಮೇಲೆ ಅನ್ನಿಸಿತು. ಇಲ್ಲಿ ಏನು ಬಿಡಿಸಿದ್ದಾರೆ ಅಂತ ಹುಡುಕಿದರೆ ಕೈಗೆ ಏನೂ ಸಿಗುವುದಿಲ್ಲ. ಏನು ಹಾಕಿದ್ದಾರೆ, ಹೇಗೆ ಕೂರಿಸಿದ್ದಾರೆ ಅಂತ ನೋಡುತ್ತ ಹೋದರೆ ಒಂದೊಂದಾಗಿ ಬಾಯಿ ಬಿಡುತ್ತವೆ.

ವಿಟ್ಟನ್ ಹುಟ್ಟಿದ್ದು 1939ರಲ್ಲಿ, ಅಲಬಾಮಾದ ಬೆಸೆಮರ್‌ನಲ್ಲಿ. ಬರ್ಮಿಂಗ್‌ಹ್ಯಾಮ್ ಪಕ್ಕದ ಉಕ್ಕಿನ ಊರು. ಅಪ್ಪ ಕಲ್ಲಿದ್ದಲು ಗಣಿ ಕೆಲಸಗಾರ, ಅಮ್ಮ ಬಟ್ಟೆ ಹೊಲಿಯುವವರು. ಅಮ್ಮನ ಮೊದಲ ಗಂಡ ಬೋರ್ಡು ಬರೆಯುವ ಪೇಂಟರ್ ಆಗಿದ್ದರಂತೆ, ಅವರ ಸಾಮಾನು ಮನೆಯಲ್ಲೇ ಉಳಿದಿತ್ತು. ಬಸ್ಸು, ಶಾಲೆ, ನೀರಿನ ನಲ್ಲಿ ಎಲ್ಲವೂ ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ ಇದ್ದ ಕಾಲ. ತಾವು ಬೆಳೆದ ಆ ಲೋಕವನ್ನು ವಿಟ್ಟನ್ ಅಮೆರಿಕದ ಅಪಾರ್ಥೈಡ್ ಅಂತಲೇ ಕರೆಯುತ್ತಿದ್ದರು. 1957ರಲ್ಲಿ ಡಾಕ್ಟರಾಗುವ ಓದಿಗೆ ಅಂತ ಟಸ್ಕೀಗಿ ಸಂಸ್ಥೆ ಸೇರಿದರು. ನಮ್ಮ ಶಾಲಾ ಪಾಠಗಳಲ್ಲೂ ಬಂದಿರುವ ಕಡಲೆಕಾಯಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಕೆಲಸ ಮಾಡಿದ್ದು ಅಲ್ಲೇ. ಕಾರ್ವರ್ ಚಿತ್ರವನ್ನೂ ಬರೆಯುತ್ತಿದ್ದರು, ಅಲಬಾಮಾದ ಮಣ್ಣಿನಿಂದಲೇ ಬಣ್ಣ ತಯಾರಿಸುತ್ತಿದ್ದರು ಅನ್ನುವುದು ಪಾಠದಲ್ಲಿ ಬರುವುದಿಲ್ಲ.

ಅದೇ 1957ರಲ್ಲಿ ಮಾಂಟ್‌ಗಮರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಭೇಟಿಯಾದರು. ಡಾಕ್ಟರಿಕೆ ತನ್ನ ದಾರಿಯಲ್ಲ ಅನ್ನಿಸಿ ಲೂಸಿಯಾನಾದ ಬ್ಯಾಟನ್ ರೂಜ್‌ಗೆ ಹೋಗಿ ಕಲೆ ಓದಲು ಶುರು ಮಾಡಿದರು. 1960ರಲ್ಲಿ ಅಲ್ಲಿನ ವಿದ್ಯಾರ್ಥಿಗಳ ಜೊತೆ, ಕಪ್ಪು ಬಿಳುಪಿನ ಆ ಭೇದದ ವಿರುದ್ಧ, ರಾಜ್ಯದ ವಿಧಾನಸಭಾ ಕಟ್ಟಡದವರೆಗೆ ಮೆರವಣಿಗೆ ಹೋದರು. ರಸ್ತೆಯುದ್ದಕ್ಕೂ ಬಿಳಿಯ ಜನ ನಿಂತು ಬೈದರು, ಉಗುಳಿದರು, ಹೊಲಸು ಎಸೆದರು. ತಿರುಗಿ ಹೊಡೆಯಬಾರದು ಅನ್ನುವುದು ನಿಯಮ. ಹೊಡೆಯಲಿಲ್ಲ. ಆದರೆ ಇನ್ನೊಂದು ಸಲ ಹೀಗೆ ಆದರೆ ತನ್ನ ಕೈಯಲ್ಲಿ ತಡೆಯಲು ಆಗುವುದಿಲ್ಲ ಅನ್ನುವುದು ಅವರಿಗೆ ಖಚಿತವಾಯಿತು. ಬಸ್ಸು ಹತ್ತಿ ನ್ಯೂಯಾರ್ಕಿಗೆ ಬಂದುಬಿಟ್ಟರು. ಅಲ್ಲಿ ಕೂಪರ್ ಯೂನಿಯನ್ ಕಾಲೇಜಿನಲ್ಲಿ ಫೀಸು ಇರಲಿಲ್ಲ. 1964ರಲ್ಲಿ ಪದವಿ ಆಯಿತು. ಮುಂದೆ ಅದೇ ಕಾಲೇಜಿನಲ್ಲಿ ತುಂಬ ವರ್ಷ ಪಾಠವನ್ನೂ ಮಾಡಿದರು.

ಹೊಟ್ಟೆಪಾಡಿಗೆ ಬಡಗಿ ಕೆಲಸ ಮಾಡುತ್ತಿದ್ದರು ಅನ್ನುವುದನ್ನು ಇಲ್ಲಿ ಸೇರಿಸಲೇಬೇಕು. ಅವರ ಕಲೆಯ ಬಗ್ಗೆ ಬರೆಯುವವರು ಕಿಂಗ್, ಜಾಝ್, ತತ್ವಶಾಸ್ತ್ರ ಎಲ್ಲ ಹೇಳಿ ಬಡಗಿತನವನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಅದೇ ದೊಡ್ಡ ವಿಷಯ ಅನ್ನಿಸುತ್ತದೆ. ತನಗೆ ಬೇಕಾದ ಹತಾರ ಸಿಗದಿದ್ದರೆ ತಾನೇ ಮಾಡಿಕೊಳ್ಳುವ ಮನುಷ್ಯ ಚಿತ್ರವನ್ನೂ ಬೇರೆ ಥರ ಯೋಚಿಸುತ್ತಾನೆ.

ಮೊದಲ ವರ್ಷಗಳ ಚಿತ್ರಗಳಲ್ಲಿ ಕುಂಚದ ಹೊಡೆತ ಜೋರಾಗಿದೆ. ಕೆಂಪು, ಹಳದಿ, ಹಸಿರಿನ ಗೊಂದಲದಲ್ಲಿ ಅಲ್ಲಲ್ಲಿ ಮುಖಗಳು ಇಣುಕುತ್ತವೆ. ಕಿಂಗ್ ಕೊಲೆಯಾದ 1968ರಲ್ಲಿ ಅವರ ಕನಸಿನ ಬಗ್ಗೆಯೇ ಒಂದು ಚಿತ್ರ ಮಾಡಿದರು. ಚೆನ್ನಾಗಿವೆ, ಆದರೆ ಆ ಕಾಲದ ನ್ಯೂಯಾರ್ಕಿನಲ್ಲಿ ಹಾಗೆ ಚಿತ್ರ ಬರೆಯುವವರು ಇನ್ನೂ ಹಲವರಿದ್ದರು. ಆಗಿನ ಹೆಸರಾಂತ ಚಿತ್ರಕಾರ ಡಿ ಕೂನಿಂಗ್ ಅವರ ನೆರಳು ಎದ್ದು ಕಾಣುತ್ತದೆ. ವಿಟ್ಟನ್‌ಗೂ ಅದು ಗೊತ್ತಿತ್ತು. ಆ ನೆರಳಿನಿಂದ ಹೊರಗೆ ಬರಬೇಕಾದರೆ ಕುಂಚವನ್ನೇ ಬಿಡಬೇಕು ಅಂತ ತೀರ್ಮಾನಿಸಿದರು. ಬಿಟ್ಟರು ಕೂಡ.

1970ರ ಸುಮಾರಿಗೆ ಸ್ಟುಡಿಯೋದ ನೆಲದ ಮೇಲೆ ಮಟ್ಟಸವಾದ ದೊಡ್ಡ ವೇದಿಕೆ ಕಟ್ಟಿದರು. ಅದರ ಮೇಲೆ ಕ್ಯಾನ್ವಾಸು ಹಾಸಿದರು. ಪದರದ ಮೇಲೆ ಪದರ ಅಕ್ರಿಲಿಕ್ ಸುರಿದರು. ಆಮೇಲೆ 12 ಅಡಿ ಅಗಲದ ಒಂದು ಮರದ ಹತಾರವನ್ನು ಎರಡೂ ಕೈಯಲ್ಲಿ ಹಿಡಿದು ಆ ಕಡೆಯಿಂದ ಈ ಕಡೆಗೆ ಒಂದೇ ಎಳೆತಕ್ಕೆ ಎಳೆದರು. ಚಿತ್ರ ಮುಗಿಯಿತು. ಎಳೆಯಲು ಬೇಕಾದದ್ದು ಕೆಲವು ಸೆಕೆಂಡು ಮಾತ್ರ. ಕಂಬಳದಲ್ಲಿ ಅಡ್ಡಹಲಗೆ ಅಂತ ಒಂದು ವಿಭಾಗ ಇದೆಯಲ್ಲ, ಗದ್ದೆಯ ಕೆಸರು ಸಮ ಮಾಡುವ ಹಲಗೆಯನ್ನು ಕೋಣಗಳು ಎಳೆದುಕೊಂಡು ಓಡುವುದು? ಹೆಚ್ಚುಕಡಿಮೆ ಅದೇ. ಇಲ್ಲಿ ಕೆಸರಿನ ಬದಲು ಬಣ್ಣ, ಕೋಣದ ಬದಲು ಚಿತ್ರಕಾರ.

ಆ ಹತಾರಕ್ಕೆ ಅವರು ಇಟ್ಟ ಹೆಸರು ಡೆವಲಪರ್. ಫೋಟೋ ತೊಳೆಯುವ ದ್ರಾವಣದ ಹೆಸರು. ಅದರ ಅಂಚಿಗೆ ಒಮ್ಮೆ ರಬ್ಬರ್ ಪಟ್ಟಿ, ಒಮ್ಮೆ ಲೋಹದ ತಗಡು, ಒಮ್ಮೆ ಹಲ್ಲುಹಲ್ಲಿನ ಅಂಚು. ಗುಂಗುರು ಕೂದಲು ಬಾಚುವ ಆಫ್ರೋ ಬಾಚಣಿಗೆಯನ್ನೂ ಬಣ್ಣ ಎಳೆಯಲು ಬಳಸಿದ್ದಾರೆ. ಕ್ಯಾನ್ವಾಸಿನ ಕೆಳಗೆ ಬೆಣಚುಕಲ್ಲು, ತಂತಿ ಇಡುತ್ತಿದ್ದರು. ಹಲಗೆ ಅದರ ಮೇಲೆ ಹಾದು ಹೋದಾಗ ಅಲ್ಲಿ ಮಾತ್ರ ಬಣ್ಣ ಜಾರಿ, ಕೆಳಗಿನ ಪದರ ಕಾಣಿಸಿಕೊಳ್ಳುತ್ತದೆ. 'ಸೈಬೀರಿಯನ್ ಸಾಲ್ಟ್ ಗ್ರೈಂಡರ್' ಅಂತ 1974ರ ಒಂದು ಚಿತ್ರ ಇದೆ. ಚಲಿಸುವ ರೈಲಿನಿಂದ ತೆಗೆದ ಫೋಟೋ ಅಲುಗಾಡಿದೆಯೇನೋ ಅನ್ನಿಸುತ್ತದೆ. ಅಂಚಿಗೆ ಹೋಗಿ ನೋಡಿದರೆ ಎಳೆತ ಎಲ್ಲಿ ಶುರುವಾಯಿತು, ಎಲ್ಲಿ ಕೈ ನಿಂತಿತು, ಎಲ್ಲಿ ಹೆಚ್ಚಾದ ಬಣ್ಣ ದಂಡೆ ಕಟ್ಟಿತು ಎಲ್ಲ ಗೊತ್ತಾಗುತ್ತದೆ.

ಜರ್ಮನಿಯ ಗೆರ್ಹಾರ್ಡ್ ರಿಕ್ಟರ್ ಹೀಗೆ ಬಣ್ಣ ಎಳೆದು ಮಾಡಿದ ಚಿತ್ರಗಳು ಜಗತ್ಪ್ರಸಿದ್ಧ. ಹರಾಜಿನಲ್ಲಿ ಕೋಟಿಗಟ್ಟಲೆ ಡಾಲರ್ ತಂದ ಚಿತ್ರಗಳು ಅವು. ರಿಕ್ಟರ್ ಆ ದಾರಿಗೆ ಬಂದದ್ದು 1980ರ ಆಚೀಚೆ. ವಿಟ್ಟನ್ ಅದಕ್ಕೂ ಹತ್ತು ವರ್ಷ ಮೊದಲೇ ಎಳೆದು ಮುಗಿಸಿದ್ದರು. ರಿಕ್ಟರ್ ಕದ್ದರು ಅಂತ ನಾನು ಹೇಳುತ್ತಿಲ್ಲ. ಕಲೆಯ ಇತಿಹಾಸ ಬರೆಯುವವರ ಕಣ್ಣು ಆ ಹತ್ತು ವರ್ಷ ಎಲ್ಲಿತ್ತು ಅಂತ ಕೇಳುತ್ತಿದ್ದೇನೆ, ಅಷ್ಟೆ. 1974ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ವಿಟ್ಟನ್ ಅವರ ಒಂಟಿ ಪ್ರದರ್ಶನವೇ ಆಗಿತ್ತು. ಕಾಣದ ಮೂಲೆಯಲ್ಲಿ ಕೂತಿದ್ದ ಕಲಾವಿದರೇನೂ ಅಲ್ಲ ಅವರು.

ಆ ಕಾಲದಲ್ಲಿ ಕಪ್ಪು ಕಲಾವಿದರ ಮೇಲೆ ಎರಡೂ ಕಡೆಯಿಂದ ಒತ್ತಡ ಇತ್ತು. ಬೀದಿಯಲ್ಲಿ ಜನ ಸಾಯುತ್ತಿರುವಾಗ ಅಮೂರ್ತ ಚಿತ್ರ ಬರೆದುಕೊಂಡು ಕೂತಿದ್ದೀಯಲ್ಲ, ನಮ್ಮ ಮುಖ ಬರಿ, ನಮ್ಮ ಹೋರಾಟ ಬರಿ ಅಂತ ಸ್ವಂತ ಜನರೇ ಕೇಳುತ್ತಿದ್ದರು. ಅವರು ಕೇಳಿದ್ದು ಪೂರ್ತಿ ತಪ್ಪು ಅಂತಲೂ ಹೇಳಲಾಗದು. ಇನ್ನೊಂದು ಕಡೆ ಗ್ಯಾಲರಿಗಳವರು. ಅವರ ಪ್ರಕಾರ ಅಮೂರ್ತ ಕಲೆ ಬಿಳಿಯ ಗಂಡಸರ ಆಸ್ತಿ. ಹೀಗೆ ನಡುವೆ ಸಿಕ್ಕಿಕೊಂಡ ಒಂದು ತಲೆಮಾರೇ ಇದೆ. ಸ್ಯಾಮ್ ಗಿಲಿಯಮ್ ಕ್ಯಾನ್ವಾಸನ್ನು ಚೌಕಟ್ಟಿನಿಂದ ಕಿತ್ತು ಪರದೆಯ ಹಾಗೆ ಇಳಿಬಿಟ್ಟರು. ಎಡ್ ಕ್ಲಾರ್ಕ್ ಕಸ ಗುಡಿಸುವ ಉದ್ದ ಕೋಲಿನ ಬ್ರಶ್ಶಿನಿಂದ ಬಣ್ಣ ತಳ್ಳಿದರು. ಹೌವರ್ಡೀನಾ ಪಿಂಡೆಲ್ ಪಂಚಿಂಗ್ ಮಶೀನಿನಿಂದ ಬಿದ್ದ ಕಾಗದದ ಬಿಲ್ಲೆಗಳನ್ನು ಸಾವಿರಗಟ್ಟಲೆ ಕ್ಯಾನ್ವಾಸಿಗೆ ಅಂಟಿಸಿದರು. ಎಲ್ಲರ ಕೆಲಸದಲ್ಲೂ ಮೇಲ್ಮೈ ದಪ್ಪ, ಒರಟು, ಕೈಗೆ ಸಿಗುವಂಥದ್ದು. ಇದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ. ಮುಖ ಬರೆಯುವುದಿಲ್ಲ ಅಂತ ಹಟ ಹಿಡಿದವರು ತಮ್ಮ ಲೋಕವನ್ನು ಬೇರೆ ಬಾಗಿಲಿನಿಂದ ಒಳಗೆ ತಂದರು. ಸಾಮಾನಿನ ರೂಪದಲ್ಲಿ, ಕೆಲಸದ ರೂಪದಲ್ಲಿ.

ವಿಟ್ಟನ್ ಅವರ ಕಥೆಯಲ್ಲಿ 1980 ಒಂದು ಕೆಟ್ಟ ವರ್ಷ. ನ್ಯೂಯಾರ್ಕಿನ ಟ್ರೈಬೆಕಾ ಬಡಾವಣೆಯಲ್ಲಿ ಅವರಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಮೂರು ವರ್ಷ ಚಿತ್ರವನ್ನೇ ಮಾಡಲಿಲ್ಲ. ಬಡಗಿ ಕೈಯಿಂದ ಮನೆಯನ್ನೂ ಸ್ಟುಡಿಯೋವನ್ನೂ ಕಟ್ಟಿಕೊಂಡು 1983ರಲ್ಲಿ ಮತ್ತೆ ಕೆಲಸಕ್ಕೆ ಬಂದರು. ಆದರೆ ಹಲಗೆ ಎಳೆಯುವ ದಾರಿಗೆ ವಾಪಸು ಹೋಗಲಿಲ್ಲ. ಬೀದಿಗೆ ಇಳಿದರು. ಬಾಟಲಿ ಮುಚ್ಚಳ, ಕಬ್ಬಿಣದ ಜಾಲರಿ, ರಸ್ತೆಯ ಮೇಲಿನ ಮುಚ್ಚಳಗಳು, ಟೈರು, ಹೀಗೆ ಕಂಡಕಂಡದ್ದರ ಅಚ್ಚು ತೆಗೆದರು. ಆ ಅಚ್ಚಿಗೆ ಅಕ್ರಿಲಿಕ್ ಸುರಿದು ಒಣಗಿಸಿದರು. ಒಣಗಿದ್ದನ್ನು ಚರ್ಮ ಸುಲಿದ ಹಾಗೆ ಸುಲಿದು ಕ್ಯಾನ್ವಾಸಿಗೆ ಕೂರಿಸಿದರು. ಮ್ಯಾನ್‌ಹಟನ್ನಿನ ಬೀದಿಯೇ ಗೋಡೆ ಹತ್ತಿತು.

ಇದು ಎಣ್ಣೆಬಣ್ಣದಲ್ಲಿ ಆಗುವ ಕೆಲಸವಲ್ಲ. ಎಣ್ಣೆಬಣ್ಣ ಒಣಗುವುದು ಗಾಳಿಯ ಆಮ್ಲಜನಕ ಎಣ್ಣೆಗೆ ಸೇರಿ. ದಪ್ಪ ಪದರ ಒಳಗಿನವರೆಗೆ ಒಣಗಲು ವರ್ಷಗಳೇ ಬೇಕು. ಅಕ್ರಿಲಿಕ್ ಹಾಗಲ್ಲ. ಅದು ನೀರಿನಲ್ಲಿ ತೇಲುವ ಪ್ಲಾಸ್ಟಿಕ್ಕಿನ ಅತಿ ಸಣ್ಣ ಕಣಗಳು. ನೀರು ಆರಿಹೋದರೆ ಕಣಕ್ಕೆ ಕಣ ಬೆಸೆದು, ಬಗ್ಗಿಸಿದರೂ ಮುರಿಯದ ಹಾಳೆಯಾಗುತ್ತದೆ. ಅದನ್ನು ಸುಲಿಯಬಹುದು, ಕತ್ತರಿಸಬಹುದು, ಅದೇ ಅಕ್ರಿಲಿಕ್ಕಿನ ಹಸಿ ಪದರದಿಂದ ಅಂಟಿಸಬಹುದು. ಅಪ್ಪನ ಗಮ್ಮಿನ ಪ್ರಶ್ನೆಗೆ ಉತ್ತರವೂ ಇದೇ. ಬೇರೆ ಗಮ್ ಇಲ್ಲ, ಬಣ್ಣವೇ ಬಣ್ಣಕ್ಕೆ ಅಂಟು. ಇದನ್ನು ಹೇಳಿದಾಗ ಅವರು ತಲೆ ಆಡಿಸಿ, "ಹಾಗಾದ್ರೆ ಕೀಳಲ್ಲ" ಅಂದರು.

ಸುಲಿದ ಹಾಳೆಗಳನ್ನು ಸಣ್ಣ ಚೌಕಗಳಾಗಿ ಕತ್ತರಿಸುವ ಕೆಲಸ 1990ರ ಹೊತ್ತಿಗೆ ಶುರುವಾಯಿತು. ಅವರ ಹೆಸರು ಈಗ ನಿಂತಿರುವುದು ಈ ಚೂರುಗಳ ಮೇಲೆಯೇ. ಹಾಳೆ ಹೊಯ್ಯುವಾಗಲೇ ಅದರೊಳಗೆ ಬೇಕಾದದ್ದನ್ನು ಬೆರೆಸುತ್ತಿದ್ದರು. ಪುಡಿ, ಬೂದಿ, ಲೋಹದ ಹುಡಿ, ಕತ್ತಲಲ್ಲಿ ಹೊಳೆಯುವ ಪದಾರ್ಥ ಕೂಡ. ಚೂರುಗಳು ಕಲ್ಲಿನ ಹಾಗೆ, ಗಾಜಿನ ಹಾಗೆ ಕಾಣುತ್ತವೆ. ಕಲ್ಲೂ ಅಲ್ಲ, ಗಾಜೂ ಅಲ್ಲ, ಪೂರ್ತಿ ಬಣ್ಣ. ಹತ್ತಿರದಿಂದ ನೋಡಿದರೆ ಒಂದು ಚೂರಿನ ಅಂಚು ನೇರ, ಪಕ್ಕದ್ದರ ಅಂಚು ಸ್ವಲ್ಪ ಸೊಟ್ಟ. ಒಂದು ಮೇಲೆದ್ದಿದೆ, ಒಂದು ತಗ್ಗಿದೆ, ಒಂದು ಎಡಕ್ಕೆ ವಾಲಿದೆ. ಎರಡರ ನಡುವಿನ ಸಂದು ಕಪ್ಪಗೆ. ನಾವು ನಡೆದ ಹಾಗೆ ವಾಲಿದ ಚೂರುಗಳ ಮೇಲೆ ಬೆಳಕು ಒಂದರಿಂದ ಒಂದಕ್ಕೆ ಹಾರುತ್ತದೆ. ಗ್ರೀಸ್ ಕಡೆಯ ಹಳೆಯ ಬೈಜಾಂಟೈನ್ ಸಾಮ್ರಾಜ್ಯದ ಚರ್ಚುಗಳ ಗೋಡೆಯಲ್ಲಿ ಚಿನ್ನದ ಗಾಜಿನ ಚೂರುಗಳನ್ನು ಬೇಕೆಂದೇ ಓರೆಯಾಗಿ ಕೂರಿಸುತ್ತಿದ್ದರು, ದೀಪದ ಬೆಳಕು ಅಲ್ಲಾಡಿದ ಹಾಗೆ ಗೋಡೆಯೂ ಮಿನುಗಲಿ ಅಂತ. ವಿಟ್ಟನ್ ಅವರಿಗೆ ಆ ಲೋಕ ಚೆನ್ನಾಗಿ ಗೊತ್ತಿತ್ತು. ಅವರ ಹೆಂಡತಿ ಗ್ರೀಕ್ ಮೂಲದವರು. 1969ರಿಂದ ಬೇಸಿಗೆ ಬಂದರೆ ಇವರು ಗ್ರೀಸಿನ ಕ್ರೀಟ್ ದ್ವೀಪಕ್ಕೆ ಹೊರಡುತ್ತಿದ್ದರು.

'ಅಟೋಪೊಲಿಸ್' ಮುಂದೆ ನಾವು ತುಂಬ ಹೊತ್ತು ಇದ್ದೆವು. 2014ರ ಚಿತ್ರ, ಆ ಮ್ಯೂಸಿಯಂನದೇ ಸ್ವತ್ತು. ಎತ್ತರ 10 ಅಡಿಗೂ ಜಾಸ್ತಿ, ಅಗಲ 20 ಅಡಿಗೂ ಜಾಸ್ತಿ. ಕೆರಿಬಿಯನ್ನಿನ ಮಾರ್ಟಿನೀಕ್ ದ್ವೀಪದ ಚಿಂತಕ ಎಡ್ವಾರ್ಡ್ ಗ್ಲಿಸಾಂಗೆ ಅರ್ಪಿಸಿದ್ದು. ಬೇರು ಕಿತ್ತುಬಂದ ಜನ ಒಬ್ಬರಿಗೊಬ್ಬರು ಹೇಗೆ ಹೊಂದಿಕೊಂಡು ಹೊಸದೊಂದನ್ನು ಕಟ್ಟುತ್ತಾರೆ ಅಂತ ಜೀವನವಿಡೀ ಯೋಚಿಸಿದವರು ಗ್ಲಿಸಾಂ. ದೂರದಿಂದ ಚಿತ್ರ ಒಂದು ಊರಿನ ನಕ್ಷೆ ಅನ್ನಿಸುತ್ತದೆ. ರಾತ್ರಿ ವಿಮಾನದಿಂದ ಕಂಡ ದೀಪಗಳು ಅಂತಲೂ ಅನ್ನಬಹುದು, ನಕ್ಷತ್ರ ಅಂತಲೂ ಅನ್ನಬಹುದು. ಕಪ್ಪು, ಬೂದು, ಬೆಳ್ಳಿ ಬಣ್ಣದ ಸಾವಿರಾರು ಚೂರುಗಳು, ನಡುವೆ ಅಲ್ಲೊಂದು ಇಲ್ಲೊಂದು ಕೆಂಪೋ ಹಳದಿಯೋ. ಹತ್ತಿರ ಹೋದ ಹಾಗೆ ನಕ್ಷೆ ಒಡೆದುಹೋಗಿ ಬರೀ ಚೂರುಗಳು ಉಳಿಯುತ್ತವೆ. ಒಂದರ ಹಾಗೆ ಇನ್ನೊಂದಿಲ್ಲ. ಒಟ್ಟು ಎಂಟು ಭಾಗ ಮಾಡಿ ಜೋಡಿಸಿದ್ದು. ಆ ಜೋಡಣೆಯ ಗೆರೆಗಳನ್ನು ಅಪ್ಪ ನನಗಿಂತ ಮೊದಲೇ ಕಂಡುಹಿಡಿದರು. "ಲಿಫ್ಟಲ್ಲಿ ಹೋಗ್ಬೇಕಲ್ಲ, ಒಂದೇ ಪೀಸ್ ಮಾಡಿದ್ರೆ ಸ್ಟುಡಿಯೋದಿಂದ ಆಚೆ ತರೋದು ಹೇಗೆ?" ಅಂದರು. 70 ದಾಟಿದ ಮನುಷ್ಯ ಇಷ್ಟು ದೊಡ್ಡ ಗೋಡೆಗೆ ಚೂರು ಚೂರು ಕೂರಿಸಿದ್ದಾರೆ ಅಂದಾಗ ಮಾತ್ರ ಅಪ್ಪ ಸುಮ್ಮನಾದರು. ಅವರಿಗೂ ಹೆಚ್ಚುಕಡಿಮೆ ಅದೇ ವಯಸ್ಸು.

ಇಂಥ ಚಿತ್ರಗಳನ್ನು ಕಾಪಾಡುವುದು ಸುಲಭದ ಕೆಲಸವಲ್ಲ. ಅಕ್ರಿಲಿಕ್ ಪೂರ್ತಿ ಗಟ್ಟಿಯಾಗುವುದೇ ಇಲ್ಲ. ಸೆಕೆಗೆ ಮೇಲ್ಮೈ ಮೆತ್ತಗಾಗಿ ಧೂಳು ಹಿಡಿದುಕೊಳ್ಳುತ್ತದೆ, ಚಳಿ ಜಾಸ್ತಿಯಾದರೆ ಬಿರುಸಾಗಿ ಬಿರುಕು ಬಿಡುತ್ತದೆ. ಸಂದುಗೊಂದಿನಲ್ಲಿ ಕೂತ ಧೂಳನ್ನು ದ್ರಾವಣ ಹಾಕಿ ಒರೆಸೋಣ ಅಂದರೆ ಬಣ್ಣವೇ ಕರಗುವ ಭಯ. ನಯವಾದ ಕ್ಯಾನ್ವಾಸನ್ನು ಒರೆಸುವುದು ಒಂದು, ಸಾವಿರಾರು ಮೂಲೆಗಳಿರುವ ಗೋಡೆಯನ್ನು ಒರೆಸುವುದು ಇನ್ನೊಂದು.

ಇಷ್ಟು ಹೊಗಳಿದ ಮೇಲೆ ನನಗೆ ಹಿಡಿಸದ್ದನ್ನೂ ಹೇಳಿಬಿಡುತ್ತೇನೆ. 2011ರಲ್ಲಿ 'ಆ್ಯಪ್ಸ್ ಫಾರ್ ಒಬಾಮ' ಅಂತ ಒಂದು ಮಾಡಿದರು, ಒಳಗೆ ಟೊಳ್ಳಿರುವ ರೆಡಿಮೇಡ್ ಬಾಗಿಲ ಹಲಗೆಯ ಮೇಲೆ. ಮೊಬೈಲಿನ ಆ್ಯಪ್‌ಗಳ ಥರದ ಬಣ್ಣದ ಬಿಲ್ಲೆಗಳು. ಬಾಗಿಲ ಹಲಗೆ ನನಗೆ ಇಷ್ಟ, ಬಿಲ್ಲೆಗಳು ಇಷ್ಟವಿಲ್ಲ. ಖುಷಿಯಾಗಿ ಆಡಿದ ಆಟದ ಹಾಗಿದೆ, ಅಷ್ಟೆ. ಒಬಾಮ ಅವರೇ ಮುಂದೆ ವಿಟ್ಟನ್ ಅವರಿಗೆ 2015ರ ರಾಷ್ಟ್ರೀಯ ಕಲಾ ಪದಕ ಕೊಟ್ಟರು ಅನ್ನುವುದು ಬೇರೆ ಮಾತು.

2001ರ ಸೆಪ್ಟೆಂಬರ್ 11ರಂದು ವಿಟ್ಟನ್ ಟ್ರೈಬೆಕಾದ ಲಿಸ್ಪೆನಾರ್ಡ್ ಬೀದಿಯಲ್ಲಿದ್ದರು. ವಿಶ್ವ ವ್ಯಾಪಾರ ಕೇಂದ್ರದಿಂದ ನಡೆದುಕೊಂಡು ಹೋಗುವಷ್ಟು ಹತ್ತಿರ. ವಿಮಾನ ಬಡಿದದ್ದನ್ನು ಕಣ್ಣಾರೆ ಕಂಡರು. ಅದರ ಬಗ್ಗೆ ಮಾಡಿದ ಚಿತ್ರ ಮುಗಿದದ್ದು 2006ರಲ್ಲಿ. 10 ಅಡಿ ಎತ್ತರ, 20 ಅಡಿ ಅಗಲ, ಈಗ ಬಾಲ್ಟಿಮೋರ್ ಮ್ಯೂಸಿಯಂನಲ್ಲಿದೆ. ಚೂರುಗಳ ನಡುವೆ ಕಪ್ಪನೆಯ ದೊಡ್ಡ ಪಿರಮಿಡ್ ಆಕಾರ. ಬಣ್ಣದೊಳಗೆ ಬೂದಿ ಇದೆ, ಮೂಳೆಯ ಪುಡಿ ಇದೆ, ರಕ್ತ ಇದೆ. ಇದನ್ನು ಅವರ ಅತಿ ದೊಡ್ಡ ಕೃತಿ ಅನ್ನುವವರು ತುಂಬ ಜನ. ನನಗೆ ಆ ಪಿರಮಿಡ್ ಜಾಸ್ತಿ ಮಾತಾಡುತ್ತದೆ ಅನ್ನಿಸುತ್ತದೆ. ಡಾಲರ್ ನೋಟಿನ ಮೇಲಿನ ಪಿರಮಿಡ್, ದುಡ್ಡು, ತೈಲ ಅಂತ ಅರ್ಥ ಬಿಡಿಸಿಕೊಂಡು ಹೋಗಬಹುದು, ಹಲವರು ಹೋಗಿದ್ದಾರೆ. ಬೂದಿಯೇ ಅಲ್ಲಿರುವಾಗ ಸಂಕೇತ ಯಾಕೆ ಬೇಕಿತ್ತು? ಆದರೆ ಅಲ್ಲಿ ನಿಂತು ಕಂಡವರು ಅವರು, ನಾನಲ್ಲ. ಹಾಗಾಗಿ ಈ ತಕರಾರನ್ನು ಜೋರಾಗಿ ಹೇಳುವ ಧೈರ್ಯ ನನಗಿಲ್ಲ.

ನನಗೆ ಹೆಚ್ಚು ಹಿಡಿಸುವುದು ಅರ್ಪಣೆಯ ಚಿತ್ರಗಳು. 'ಬ್ಲ್ಯಾಕ್ ಮೊನೊಲಿತ್' ಸರಣಿ 1988ರಲ್ಲಿ ಲೇಖಕ ಜೇಮ್ಸ್ ಬಾಲ್ಡ್‌ವಿನ್ ಹೆಸರಿನಲ್ಲಿ ಶುರುವಾಗಿ 2017ರವರೆಗೆ ನಡೆಯಿತು. ರಾಜಕಾರಣಿ ಬಾರ್ಬರಾ ಜೋರ್ಡನ್, ಚಿತ್ರಕಾರ ಜೇಕಬ್ ಲಾರೆನ್ಸ್, ಕವಿ ಮಾಯಾ ಏಂಜೆಲೊ, ಸ್ಯಾಕ್ಸೊಫೋನಿನ ಆರ್ನೆಟ್ ಕೋಲ್ಮನ್, ಬಾಕ್ಸರ್ ಮಹಮ್ಮದ್ ಅಲಿ, ಗಿಟಾರಿನ ಚಕ್ ಬೆರ್ರಿ. ಸತ್ತವರಿಗೆ ಒಂದೊಂದು ಕಲ್ಲು ನಿಲ್ಲಿಸುವುದು ನಮ್ಮಲ್ಲಿ ಊರೂರಿನಲ್ಲಿ ಇದ್ದ ಪದ್ಧತಿ. ವೀರಗಲ್ಲಿನ ಮೇಲೆ ಕುದುರೆ ಇರುತ್ತದೆ, ಕತ್ತಿ ಇರುತ್ತದೆ, ಕೈಲಾಸ ಇರುತ್ತದೆ. ವಿಟ್ಟನ್ ನಿಲ್ಲಿಸಿದ ಕಲ್ಲುಗಳಲ್ಲಿ ಆ ಮನುಷ್ಯನ ಚಿತ್ರವೇ ಇಲ್ಲ. ಚಕ್ ಬೆರ್ರಿಯ ಮುಖ ಹೇಗಿತ್ತು ಅಂತ ತಿಳಿಯಬೇಕಾದರೆ ಫೋನಿನಲ್ಲಿ ನೋಡಿಕೊಳ್ಳಿ. ಇಲ್ಲಿ ಇರುವುದು ಒಬ್ಬರಿಗೋಸ್ಕರ ಇನ್ನೊಬ್ಬರು ತಿಂಗಳುಗಟ್ಟಲೆ ಕೂತು ಹೊಯ್ದ, ಕತ್ತರಿಸಿದ, ಕೂರಿಸಿದ ಕೆಲಸ. ಒಬ್ಬರನ್ನು ನೆನೆಯುವುದಕ್ಕೆ ಮುಖಕ್ಕಿಂತ ಇದೇ ಸರಿ ಅಂತ ಚಿತ್ರದ ಮುಂದೆ ನಿಂತಾಗ ನನಗೆ ಪೂರ್ತಿ ಒಪ್ಪಿಗೆಯಾಯಿತು. ಮನೆಗೆ ಬಂದ ಮೇಲೆ ಅಷ್ಟು ಖಾತ್ರಿ ಉಳಿಯಲಿಲ್ಲ. ಬಾಲ್ಡ್‌ವಿನ್ ಅವರ ಆ ದೊಡ್ಡ ಕಣ್ಣುಗಳ ಫೋಟೋ ನನಗೆ ಈಗಲೂ ಬೇಕು.

ಜಾಝ್ ಬಗ್ಗೆ ಇಲ್ಲಿ ಬರೆಯಲು ಹೋಗುವುದಿಲ್ಲ, ಅದಕ್ಕೆ ಇನ್ನೊಂದು ಬರಹವೇ ಬೇಕು. ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಜೊತೆ ವಿಟ್ಟನ್ ಮಾತಾಡಿದ್ದರು, ಶಬ್ದ ಅಲೆಯಾಗಿ ಬರುತ್ತದೆ ಅನ್ನುವ ಅವರ ಮಾತು ಹಲಗೆ ಎಳೆಯುವ ಯೋಚನೆಗೆ ಬೀಜವಾಯಿತು ಅನ್ನುವುದನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ಕ್ರೀಟಿನ ಕಥೆ ಹೇಳದಿದ್ದರೆ ಆಗುವುದಿಲ್ಲ. ಗ್ರೀಸಿಗೆ ಮೊದಲ ಸಲ ಹೊರಡುವ ಮುಂಚೆ ವಿಟ್ಟನ್‌ಗೆ ಒಂದು ಮರ ಕನಸಿನಲ್ಲಿ ಬರುತ್ತಿತ್ತಂತೆ, ಬಂದು ನನ್ನನ್ನು ಕೆತ್ತು ಅನ್ನುತ್ತಿತ್ತಂತೆ. ಕ್ರೀಟಿನ ಅಗಿಯಾ ಗಲಿನಿ ಅನ್ನುವ ಕಡಲೂರಿಗೆ ಬಸ್ಸಿನಲ್ಲಿ ಬಂದಿಳಿದಾಗ ಅದೇ ಮರ ಎದುರಿಗೆ ನಿಂತಿತ್ತು. ಕೆತ್ತಿಯೂ ಬಿಟ್ಟರು. ಆಮೇಲೆ ಪ್ರತಿ ಬೇಸಿಗೆಯೂ ಅಲ್ಲಿ ಮರ ಕೆತ್ತನೆ, ನ್ಯೂಯಾರ್ಕಿನಲ್ಲಿ ಚಿತ್ರ. ಈ ಕೆತ್ತನೆಗಳನ್ನು 40 ವರ್ಷಕ್ಕೂ ಮೇಲೆ ಹೆಚ್ಚು ಕಡಿಮೆ ಯಾರಿಗೂ ತೋರಿಸಲಿಲ್ಲ. ಬಾಲ್ಟಿಮೋರ್‌ನಲ್ಲಿ ಅವುಗಳ ಮೊದಲ ದೊಡ್ಡ ಪ್ರದರ್ಶನ ತೆರೆದದ್ದು 2018ರ ಏಪ್ರಿಲ್‌ನಲ್ಲಿ. ವಿಟ್ಟನ್ ತೀರಿಕೊಂಡದ್ದು ಅದೇ ವರ್ಷ ಜನವರಿ 20ಕ್ಕೆ.

ನನಗನ್ನಿಸುವುದು, ಚಿತ್ರಗಳ ಗುಟ್ಟು ಈ ಮರಗಳಲ್ಲಿ ಇದೆ ಅಂತ. ಆಫ್ರಿಕಾದ ಕಾಂಗೋ ಕಡೆಯ ಶಿಲ್ಪಗಳಲ್ಲಿ ಮರದ ಮೈತುಂಬ ಮೊಳೆ ಹೊಡೆದಿರುತ್ತಾರೆ, ಹೊಟ್ಟೆಯಲ್ಲಿ ಗೂಡು ಮಾಡಿ ಒಳಗೆ ಶಕ್ತಿಯ ಪದಾರ್ಥ ಇಟ್ಟಿರುತ್ತಾರೆ. ವಿಟ್ಟನ್ ಕೆತ್ತನೆಗಳಲ್ಲೂ ಮೊಳೆ ಇದೆ, ಮೂಳೆ ಇದೆ, ಅಮೃತಶಿಲೆ ಇದೆ, ಮೀನು ಹಿಡಿಯುವ ದಾರ ಇದೆ. ಒಂದು ವಸ್ತುವಿನೊಳಗೆ ಇನ್ನೊಂದನ್ನು ಇಟ್ಟರೆ ಅದು ಬರೀ ಅಲಂಕಾರವಲ್ಲ, ಅಲ್ಲಿ ಏನೋ ನೆಲೆ ನಿಲ್ಲುತ್ತದೆ ಅನ್ನುವ ನಂಬಿಕೆ ಅದು. ಬೇಸಿಗೆಯಲ್ಲಿ ಮರಕ್ಕೆ ಮಾಡಿದ್ದನ್ನೇ ಚಳಿಗಾಲದಲ್ಲಿ ಬಣ್ಣಕ್ಕೆ ಮಾಡಿದರು. ನ್ಯೂಯಾರ್ಕಿನ ಪ್ರದರ್ಶನದಲ್ಲಿ ಚಿತ್ರಗಳ ನಡುನಡುವೆ ಈ ಕೆತ್ತನೆಗಳನ್ನೂ ಇಟ್ಟಿದ್ದರು. ಹೆಂಡತಿ ಮೇರಿ ಹೆಸರಿನಲ್ಲಿ ಮಾಡಿದ ಕಾವಲುಗಾರ ಅನ್ನುವ ಒಂದು ಕೆತ್ತನೆ ಇದೆ. ಅದು ಹಿಪ್ಪುನೇರಳೆ ಮರದ್ದು ಅಂತ ನಾನು ಹೇಳಿದಾಗ ಅಪ್ಪನಿಗೆ ಆಶ್ಚರ್ಯ.

"ನಮ್ಮ ರೇಷ್ಮೆಹುಳಕ್ಕೆ ಹಾಕೋ ಹಿಪ್ಪುನೇರಳೆನಾ? ಇಷ್ಟು ದಪ್ಪ ಬರುತ್ತಾ ಅದು?"

ಇದು ಕಪ್ಪು ಹಣ್ಣಿನ ಬೇರೆ ಜಾತಿ, ಅಲ್ಲಿ ಅದನ್ನ ಮರ ಆಗೋಕೆ ಬಿಡ್ತಾರೆ ಅಂದೆ. ಅಪ್ಪ ಮತ್ತೆ ಪಕ್ಕಕ್ಕೆ ಹೋಗಿ ಬಗ್ಗಿ, ಮೊಳೆ ಹೊಡೆದಲ್ಲಿ ಮರ ಸೀಳಿದೆಯಾ ಅಂತ ನೋಡತೊಡಗಿದರು. ಸೀಳಿರಲಿಲ್ಲ. "ಮೊದ್ಲು ತೂತು ಹಾಕ್ಕೊಂಡಿದಾರೆ," ಅಂದರು.